ಜನತೆಯ ಹೆಸರಿನ ಶಾಲೆ: ಕೀರ್ತಿಶೇಷ ದಿನಕರ ದೇಸಾಯಿ

ಇಗರ್ಜಿಯೊಂದು ನೂರು ವರ್ಷಗಳನ್ನು ಪೂರೈಸಿದ ಶುಭಾವಸರದಲ್ಲಿ ಹೊರಡುವ ಸ್ಮರಣ ಸಂಚಿಕೆಯಲ್ಲಿ ಧರ್ಮಗುರುಗಳ, ದಾನಿಗಳ ಮತ್ತು ಹಿರಿಯ ಮನೆತನಗಳ ಸ್ಮರಣೆ ಮೊದಲು ಬರುವುದು ಸಹಜವೇ ಆಗಿದೆ. ಆದರೆ ಒಂದು ಧರ್ಮಕೇಂದ್ರದ ಬಾಳು ಅದರ ನಾಲ್ಕು ಗೋಡೆಗಳೊಳಗೇ ಮುಗಿದುಹೋಗುವುದಿಲ್ಲ. ಭಾನುವಾರದ ಬಲಿಪೂಜೆ ಮುಗಿಸಿ ಮನೆಗೆ ಮರಳಿದ ನಮ್ಮ ಮಕ್ಕಳು ಸೋಮವಾರ ಬೆಳಿಗ್ಗೆ ಪುಸ್ತಕದ ಚೀಲ ಹೆಗಲಿಗೇರಿಸಿ ಎಲ್ಲಿಗೆ ನಡೆದರು, ಅಲ್ಲಿ ಯಾರ ಪಕ್ಕದಲ್ಲಿ ಕುಳಿತು ಅಕ್ಷರ ಕಲಿತರು ಎಂಬುದೂ ನಮ್ಮ ಈ ನೂರು ವರ್ಷಗಳ ಕಥೆಯ ಭಾಗವೇ. ಕೇಣಿಯ ಕಡಲ ತಡಿಯಿಂದ ಅಂಕೋಲೆಯ ಪೇಟೆಗೆ ನಡೆದೇ ಹೋಗಬಹುದು. ಆ ದಾರಿಯನ್ನು ತುಳಿದ ವಿದ್ಯಾರ್ಥಿಗಳಿಗೆ ಪಿ. ಎಂ. ಹೈಸ್ಕೂಲು ಎಂಬ ಹೆಸರು ಮನೆಮಾತಾಗಿದೆ. ಆ ಎರಡು ಅಕ್ಷರಗಳ ವಿಸ್ತಾರ ಪೀಪಲ್ಸ್ ಮಲ್ಟಿಪರ್ಪಸ್, ಅಂದರೆ ಜನತೆಯ ಬಹೂದ್ದೇಶ ಪ್ರೌಢಶಾಲೆ ಎಂಬುದನ್ನು ನೆನೆಯುವವರು ಈಗ ವಿರಳ. ಆ ಹೆಸರಿನ ಹಿಂದೆ ನಿಂತ ಮಹನೀಯರಾದ ದಿನಕರ ದೇಸಾಯಿಯವರ ಜೀವನವನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ದಿನಕರ ದತ್ತಾತ್ರೇಯ ದೇಸಾಯಿಯವರು ಜನಿಸಿದ್ದು 1909ರ ಸೆಪ್ಟೆಂಬರ್ 10ರಂದು. ಅಂಕೋಲೆಯ ನೆಲದ ಮಗ ಅವರು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ನದಿಗಳು ಕರಾವಳಿಯನ್ನು ತುಂಡುತುಂಡಾಗಿ ಕತ್ತರಿಸಿದ್ದುದರಿಂದ ಪಕ್ಕದ ತಾಲ್ಲೂಕಿಗೆ ಹೋಗಬೇಕಾದರೂ ದೋಣಿ ಕಾಯಬೇಕಾಗಿದ್ದ ಕಾಲವದು. ಹಳ್ಳಿಯ ಬಡವರ ಮಕ್ಕಳಿಗೆ ಪ್ರಾಥಮಿಕ ಶಾಲೆಯಾಚೆಗಿನ ವಿದ್ಯೆ ಎಟುಕದ ಹಣ್ಣಾಗಿತ್ತು. ದೇಸಾಯಿಯವರು ಇಪ್ಪತ್ತರ ಹರೆಯದಲ್ಲಿದ್ದಾಗ, 1930ರ ಏಪ್ರಿಲ್ 13ರಂದು, ಅಂಕೋಲೆಯಲ್ಲಿ ಉಪ್ಪಿನ ಕಾನೂನನ್ನು ಮುರಿಯಲಾಯಿತು. ಅದರ ಬೆನ್ನಿಗೇ ಕರನಿರಾಕರಣೆಯ ಚಳವಳಿ ನಡೆದು ಎಷ್ಟೋ ಕುಟುಂಬಗಳು ಮನೆ ಹೊಲಗಳನ್ನು ಕಳೆದುಕೊಂಡವು. ಇಂತಹ ನೆಲದಲ್ಲಿ ಹುಟ್ಟಿದ ತರುಣನಿಗೆ ದೇಶದ ಕೆಲಸವೆಂಬುದು ದೂರದ ಮಾತಾಗಿ ಉಳಿಯುವುದು ಸಾಧ್ಯವಿರಲಿಲ್ಲ.

ಬೆಂಗಳೂರು, ಮೈಸೂರುಗಳಲ್ಲಿ ಓದಿದ ಅವರು ಉನ್ನತ ವ್ಯಾಸಂಗಕ್ಕಾಗಿ ಮುಂಬಯಿಗೆ ತೆರಳಿ ಇತಿಹಾಸದಲ್ಲಿ ಎಂ. ಎ. ಪದವಿಯನ್ನೂ ಕಾನೂನಿನ ಪದವಿಯನ್ನೂ ಪಡೆದರು. ಅಲ್ಲಿ ಅವರಿಗೆ ದೊರೆತ ಒಂದು ಸಂಬಂಧವನ್ನು ಈ ಸಂಚಿಕೆಯಲ್ಲಿ ವಿಶೇಷವಾಗಿ ನೆನೆಯಬೇಕು. ಸ್ಪೇನ್ ದೇಶದಿಂದ ಬಂದ ಯೇಸುಸಭೆಯ ಗುರು ಫಾದರ್ ಹೆನ್ರಿ ಹೆರಾಸರು 1926ರಲ್ಲಿ ಸಂತ ಝೇವಿಯರ್ ಕಾಲೇಜಿನಲ್ಲಿ ಭಾರತೀಯ ಇತಿಹಾಸ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದ್ದರು. ಕಲ್ಯಾಣದ ಚಾಲುಕ್ಯರ ಕಾಲದ ಮಹಾಮಂಡಲೇಶ್ವರರನ್ನು ಕುರಿತು ದೇಸಾಯಿಯವರು ಬರೆದ ಸಂಶೋಧನ ಗ್ರಂಥ 1951ರಲ್ಲಿ ಆ ಸಂಸ್ಥೆಯಿಂದಲೇ ಬೆಳಕು ಕಂಡಿತು. ಕನ್ನಡ ನಾಡಿನ ಶಾಸನಗಳನ್ನು ಪ್ರೀತಿಯಿಂದ ಓದುವ ಪಾಠಕ್ಕೆ ಜಾತಿ ಮತಗಳ ಗಡಿ ಅಡ್ಡ ಬರಲಿಲ್ಲವೆಂಬುದು ನಮಗೆ ಸಂತೋಷದ ವಿಷಯ.

ವಿದ್ಯೆ ಮುಗಿದ ಬಳಿಕ ವಕೀಲಿಯ ಸಂಪಾದನೆಯತ್ತ ಮನಸ್ಸು ಮಾಡದೆ ಅವರು ಭಾರತ ಸೇವಕ ಸಮಾಜವನ್ನು ಸೇರಿದರು. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಈ ಸಮಾಜದ ಸದಸ್ಯರು ಸ್ವಂತಕ್ಕಾಗಿ ಹಣ ಗಳಿಸುವುದಿಲ್ಲವೆಂದು ಪ್ರತಿಜ್ಞೆ ಕೈಗೊಂಡು, ಸಮಾಜ ನೀಡುವ ಅಲ್ಪ ಜೀವನವೇತನದಲ್ಲಿ ಸಂಸಾರ ತೂಗಿಸಿ, ಆಯುಷ್ಯವನ್ನೆಲ್ಲ ಲೋಕಸೇವೆಗೆ ಮೀಸಲಿಡಬೇಕಾಗಿತ್ತು. ಮುಂಬಯಿ ಬಂದರಿನ ಹಡಗು ಕಾರ್ಮಿಕರ ಸಂಘಟನೆ ದೇಸಾಯಿಯವರ ಪಾಲಿಗೆ ಬಂತು. ಗೋವೆ ಮತ್ತು ಕೊಂಕಣ ಕರಾವಳಿಯಿಂದ ಹೊಟ್ಟೆಪಾಡಿಗೆ ಹಡಗು ಹತ್ತಿದವರ ಬವಣೆಯನ್ನು ಕಣ್ಣಾರೆ ಕಂಡ ಅವರು ಭಾರತದ ನಾವಿಕ ಕಾರ್ಮಿಕರನ್ನು ಕುರಿತು ಬರೆದ ಇಂಗ್ಲಿಷ್ ಪುಸ್ತಕ 1940ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, 1938ರಲ್ಲಿ, ಭಾರತದ ಪ್ರಾಥಮಿಕ ಶಿಕ್ಷಣವನ್ನು ಕುರಿತ ಅವರ ಇನ್ನೊಂದು ಪುಸ್ತಕ ಹೊರಬಂದಿತ್ತು. ಈ ಆಸ್ಥೆಗೂ ಒಂದು ಪರಂಪರೆಯಿತ್ತು. ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕಾಗಿ ಗೋಖಲೆಯವರು 1911ರಲ್ಲಿ ಮಂಡಿಸಿದ ಮಸೂದೆ ಮರುವರ್ಷ ಶಾಸನಸಭೆಯಲ್ಲಿ ಬಿದ್ದುಹೋಗಿತ್ತು. ಸೋತ ಆ ಮಸೂದೆಯ ಋಣವನ್ನು ತೀರಿಸಬೇಕೆಂಬ ಹಂಬಲ ಅವರ ಶಿಷ್ಯಪರಂಪರೆಯಲ್ಲಿ ಆರದೆ ಉಳಿದಿತ್ತು.

ಮುಂಬಯಿಯಲ್ಲಿದ್ದರೂ ಹುಟ್ಟೂರಿನ ಒಕ್ಕಲು ಮಕ್ಕಳ ಅವಸ್ಥೆ ದೇಸಾಯಿಯವರನ್ನು ಬಿಡಲಿಲ್ಲ. ಬೆವರು ಸುರಿಸಿ ಗದ್ದೆ ಉಳುವವನೊಬ್ಬ, ಕಣದಲ್ಲಿ ಬೆಳೆಯ ಸಿಂಹಪಾಲನ್ನು ಅಳೆದುಕೊಳ್ಳುವವನು ಇನ್ನೊಬ್ಬ, ಇದು ಆಗಿನ ಗೇಣಿ ಪದ್ಧತಿಯ ಸ್ಥಿತಿ. ಹಾಲಕ್ಕಿ ಒಕ್ಕಲಿಗರೇ ಮೊದಲಾದ ಗೇಣಿದಾರರನ್ನು ಒಟ್ಟುಗೂಡಿಸಿ ಅವರು ರೈತ ಚಳವಳಿಯನ್ನು ಕಟ್ಟಿದರು. ಒಡೆಯನ ಎದುರು ತಲೆಯೆತ್ತಿ ನಿಂತರಿಯದ ಜನ ಸಂಘದ ಹೆಸರಿನಲ್ಲಿ ಮಾತಾಡತೊಡಗಿದುದು ಆಳುವವರಿಗೆ ಸಹನೆಯಾಗಲಿಲ್ಲ. 1940ರಲ್ಲಿ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು. ಐದು ವರ್ಷಗಳ ಕಾಲ ತಮ್ಮದೇ ತಾಲ್ಲೂಕಿನ ಮಣ್ಣನ್ನು ಮೆಟ್ಟದಂತೆ ಅವರು ದೂರವಿರಬೇಕಾಯಿತು.

ಸ್ವಾತಂತ್ರ್ಯ ಬಂದಿತು. 1948ರಲ್ಲಿ ಮುಂಬಯಿ ಸರಕಾರದ ಗೇಣಿ ಕಾನೂನೂ ಬಂದಿತು. ಇಲ್ಲಿ ದೇಸಾಯಿಯವರ ಬಾಳಿನ ದೊಡ್ಡ ತಿರುವನ್ನು ನಾವು ಕಾಣುತ್ತೇವೆ. ಕಾನೂನು ಕಾಗದದ ಮೇಲಿರುತ್ತದೆ. ಆ ಕಾಗದವನ್ನು ಓದಲರಿಯದ ರೈತನಿಗೆ ಅದು ಇದ್ದೂ ಇಲ್ಲದಂತೆ. ಗೇಣಿ ಪಾವತಿಯಲ್ಲಿ ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತುವವನ ಕೈಗೆ ಭೂಮಿ ಬಂದರೂ ಅದು ಕೈತಪ್ಪಿ ಹೋಗಲು ಹೆಚ್ಚು ಕಾಲ ಬೇಕಿಲ್ಲ. ಆದುದರಿಂದ ನೆಲದ ಹೋರಾಟದ ಮುಂದಿನ ಹೆಜ್ಜೆ ಶಾಲೆಯೇ ಆಗಬೇಕು. ಅವರ ಮುಂದಿನ ಕಾರ್ಯವೆಲ್ಲ ಈ ದಾರಿಯಲ್ಲೇ ಸಾಗಿತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪನೆಗೊಂಡಿತು. ಗೇಣಿದಾರರ ಸಭೆಗಳಿಗಾಗಿ ಊರೂರು ಸುತ್ತಿದ ನಾಯಕ, ಅದೇ ಗೇಣಿದಾರರ ಮಕ್ಕಳಿಗೆ ಹೈಸ್ಕೂಲು ಕಟ್ಟಲು ನಿಂತರು.

ಅದೇ 1953ರಲ್ಲಿ ದಿಲ್ಲಿಯಿಂದಲೂ ಒಂದು ಹೊಸ ವಿಚಾರ ಹೊರಟಿತು. ಡಾ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗ ತನ್ನ ವರದಿಯನ್ನು ಸಲ್ಲಿಸಿ, ಕೇವಲ ಕಾರಕೂನರನ್ನು ತಯಾರಿಸುವ ಒಂದೇ ಅಚ್ಚಿನ ಹೈಸ್ಕೂಲುಗಳ ಬದಲು ಬಹೂದ್ದೇಶ ಶಾಲೆಗಳು ಬೇಕೆಂದು ಶಿಫಾರಸು ಮಾಡಿತು. ಮಾನವಿಕ ವಿಷಯಗಳು, ವಿಜ್ಞಾನ, ತಾಂತ್ರಿಕ ವಿದ್ಯೆ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಶಾಖೆಗಳನ್ನು ಅದು ಸೂಚಿಸಿತು. ಭಾಷೆಯೇ ಮೊದಲಾದ ಮೂಲ ವಿಷಯಗಳು ಎಲ್ಲರಿಗೂ ಸಮಾನ. ಅದರ ಮೇಲೆ ಮಗುವಿನ ಒಲವಿಗೆ ತಕ್ಕ ಶಾಖೆ. ಆದರೆ ಎಲ್ಲರೂ ಒಂದೇ ಸೂರಿನ ಕೆಳಗೆ. ಹೊರದೇಶಗಳಲ್ಲೂ ಅದು ಇಂತಹ ಚಿಂತನೆಯ ಕಾಲವಾಗಿತ್ತು. ಹನ್ನೊಂದನೆಯ ವಯಸ್ಸಿನ ಒಂದು ಪರೀಕ್ಷೆಯಿಂದ ಮಕ್ಕಳನ್ನು ಬೇರೆ ಬೇರೆ ಶಾಲೆಗಳಿಗೆ ವಿಂಗಡಿಸುತ್ತಿದ್ದ ಇಂಗ್ಲೆಂಡಿನಲ್ಲಿ, ಎಲ್ಲರನ್ನೂ ಸೇರಿಸಿಕೊಳ್ಳುವ ಸಮಗ್ರ ಪ್ರೌಢಶಾಲೆಗಳು ಆಗತಾನೆ ತಲೆಯೆತ್ತುತ್ತಿದ್ದವು. ಲಂಡನ್ನಿನ ಕಿಡ್‌ಬ್ರೂಕ್ ಶಾಲೆ ತೆರೆದುದು 1954ರಲ್ಲಿ. ಲಂಡನ್ನಿನ ಹೊಸ ವಿಚಾರಕ್ಕೆ ಸಮೀಪದ ವಿಚಾರವೊಂದು ಅಂಕೋಲೆಯ ಶಾಲೆಯೊಂದರ ಹೆಸರಿನಲ್ಲಿ ನೆಲೆಗೊಂಡಿತೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ.

ಟ್ರಸ್ಟಿನ ಅಂಕೋಲೆಯ ಶಾಲೆಯ ಹೆಸರಿನಲ್ಲಿ ಮಲ್ಟಿಪರ್ಪಸ್ ಎಂಬ ಶಬ್ದ ಆ ಹೊಸ ಯೋಜನೆಯ ಗುರುತು. ಆದರೆ ಅದಕ್ಕಿಂತ ಮೊದಲು ಬರುವ ಪೀಪಲ್ಸ್ ಎಂಬ ಶಬ್ದ ಯಾವ ಆಯೋಗದ್ದೂ ಅಲ್ಲ. ಅದು ದೇಸಾಯಿಯವರ ರೈತ ಚಳವಳಿಯಿಂದ ನೇರವಾಗಿ ನಡೆದು ಬಂದುದು. ಟ್ರಸ್ಟಿನ ಬೇರೆ ಹೈಸ್ಕೂಲುಗಳಿಗೂ ಅದೇ ಭಾವದಿಂದ ಜನತಾ ವಿದ್ಯಾಲಯವೆಂದೇ ಹೆಸರಾಯಿತು. ಮಿರ್ಜಾನ, ಮುರ್ಡೇಶ್ವರ, ಶಿರಾಲಿ, ಘಟ್ಟದ ಮೇಲಿನ ದಾಂಡೇಲಿ ಹೀಗೆ ಮಕ್ಕಳಿದ್ದ ಕಡೆಗೇ ಶಾಲೆ ಹೋಯಿತು. ಗೋಖಲೆಯವರು ಹುಟ್ಟಿ ನೂರು ವರ್ಷ ತುಂಬಿದ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಶತಾಬ್ದಿ ಕಾಲೇಜು ತೆರೆಯಿತು. ಶಾಸನಸಭೆಯಲ್ಲಿ ಸೋತ ಗುರುವಿನ ಹೆಸರು ಕಡಲ ತೀರದ ಪುಟ್ಟ ಪೇಟೆಯ ವಿದ್ಯಾಮಂದಿರದಲ್ಲಿ ಗೆದ್ದು ನಿಂತಿತು.

ಸತ್ಯವನ್ನು ಮರೆಮಾಚದೆ ಹೇಳಬೇಕಾದರೆ, ಬಹೂದ್ದೇಶ ಶಾಲೆಗಳ ಯೋಜನೆ ದೇಶದಲ್ಲಿ ಫಲಿಸಲಿಲ್ಲ. ಕಾರ್ಯಶಾಲೆಗೆ ಬೇಕಾದ ಯಂತ್ರೋಪಕರಣ, ಕೈಕಸುಬನ್ನೂ ಪಾಠವನ್ನೂ ಬಲ್ಲ ಅಧ್ಯಾಪಕರು ಸಾಕಷ್ಟು ದೊರೆಯಲಿಲ್ಲ. ಅಂತಹ ಅಧ್ಯಾಪಕರ ತರಬೇತಿಗೆಂದು ಮೈಸೂರೂ ಸೇರಿದಂತೆ ನಾಲ್ಕು ಕಡೆ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯಗಳು ಆರಂಭವಾಗುವ ಹೊತ್ತಿಗೆ 1963 ಬಂದಿತ್ತು. ತಂದೆತಾಯಿಗಳ ಮನಸ್ಸೂ ಕಾಲೇಜಿಗೆ ಕರೆದೊಯ್ಯುವ ವಿಷಯಗಳ ಕಡೆಗೇ ವಾಲಿತು. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಬೇರೊಂದು ವ್ಯವಸ್ಥೆಯನ್ನು ಸೂಚಿಸಿತು. ಹೀಗೆ ಮಲ್ಟಿಪರ್ಪಸ್ ಎಂಬುದು ಕಾಲಕ್ರಮದಲ್ಲಿ ಬರಿಯ ಹೆಸರಾಗಿ ಉಳಿಯಿತು. ಪೀಪಲ್ಸ್ ಎಂಬುದು ಮಾತ್ರ ಹಾಗಾಗಲಿಲ್ಲ. ಗೇಣಿದಾರನ ಮಗನೂ ಭೂಮಾಲಿಕನ ಮಗನೂ, ಬಲೆ ನೇಯುವ ಮನೆಯ ಹುಡುಗಿಯೂ ಅಂಗಡಿಕಾರರ ಹುಡುಗಿಯೂ ಒಂದೇ ಹಾಜರಿ ಪುಸ್ತಕದಲ್ಲಿ ಸಾಲಾಗಿ ಸೇರಿದಾಗ ಆ ಶಬ್ದಕ್ಕೆ ಅರ್ಥ ಬಂದಿತು.

ದೇಸಾಯಿಯವರನ್ನು ನಾಡು ಹೆಚ್ಚಾಗಿ ಅರಿತಿರುವುದು ಚುಟುಕು ಕವಿಯಾಗಿ. ನಾಲ್ಕು ಸಾಲಿನ ಪದ್ಯದಲ್ಲಿ ಅಧಿಕಾರಸ್ಥರ ಸೋಗನ್ನೂ ಸಮಾಜದ ಡಂಭವನ್ನೂ ತಮ್ಮನ್ನೂ ಬಿಡದೆ ಅವರು ಚುಚ್ಚಿದರು. ದಿನಕರನ ಚೌಪದಿ ಎಂಬ ಸಂಕಲನ ಓದದ ಮನೆಯವರೂ ಅವರ ಚುಟುಕುಗಳನ್ನು ಬಾಯಲ್ಲಿ ಹೇಳಬಲ್ಲರು. ಮಕ್ಕಳಿಗಾಗಿ ಗೀತೆಗಳನ್ನು ಬರೆದರು, ಯುರೋಪಿನ ಪ್ರವಾಸವನ್ನು ನಾ ಕಂಡ ಪಡುವಣ ಎಂಬ ಪುಸ್ತಕದಲ್ಲಿ ಬಣ್ಣಿಸಿದರು, ಜನಸೇವಕವೆಂಬ ವಾರಪತ್ರಿಕೆಯನ್ನು ನಡೆಸಿದರು. 1967ರ ಚುನಾವಣೆಯಲ್ಲಿ ಯಾವ ಪಕ್ಷದ ಆಸರೆಯೂ ಇಲ್ಲದೆ ಪಕ್ಷೇತರರಾಗಿ ನಿಂತು ನಮ್ಮ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. 1974ರ ಭೂಸುಧಾರಣೆಯ ಕಾನೂನು ಉಳುವವನಿಗೆ ಭೂಮಿಯನ್ನು ಕೊಟ್ಟುದನ್ನು ಕಣ್ಣಾರೆ ಕಾಣುವ ಭಾಗ್ಯವೂ ಅವರಿಗೆ ದೊರೆಯಿತು.

1982ರ ನವೆಂಬರ್ 6ರಂದು ಅವರು ತೀರಿಕೊಂಡರು. ತಮ್ಮ ದೇಹದ ಬೂದಿಯೂ ಭತ್ತದ ಗದ್ದೆಗೆ ಗೊಬ್ಬರವಾಗಲೆಂಬ ಆಶಯವನ್ನು ಅವರು ಹಿಂದೆಯೇ ಕವಿತೆಯೊಂದರಲ್ಲಿ ತೋಡಿಕೊಂಡಿದ್ದರು. ಬಿತ್ತಿದ ಕಾಳು ಸಾಯದೆ ಫಲ ಕೊಡದೆಂಬುದನ್ನು ಶುಭಸಂದೇಶದಿಂದ ಅರಿತ ನಮಗೆ ಆ ಆಶಯ ಪರಕೀಯವೆನಿಸುವುದಿಲ್ಲ.

ಅವರು ಗತಿಸಿ ನಾಲ್ಕು ದಶಕಗಳು ಸಂದಿವೆ. ಈಗ ಬೆಳಗಾದರೆ ನಮ್ಮ ಓಣಿಗಳಿಗೆ ಹಳದಿ ಬಣ್ಣದ ಬಸ್ಸುಗಳು ಬಂದು, ಶುಲ್ಕ ಕೊಡಬಲ್ಲವರ ಮಕ್ಕಳನ್ನು ಒಂದು ಕಡೆಗೆ ಕರೆದೊಯ್ಯುತ್ತವೆ. ಉಳಿದ ಮಕ್ಕಳು ಹಳೆಯ ದಾರಿಯಲ್ಲೇ ನಡೆಯುತ್ತಾರೆ. ಮಕ್ಕಳ ಮುನ್ನಡೆಗಾಗಿ ಹಂಬಲಿಸುವುದು ತಪ್ಪಲ್ಲ. ನಾವೂ ಆ ಹಂಬಲದಿಂದ ಹೊರತಾದವರಲ್ಲ. ಆದರೆ ನೆರೆಮನೆಯ ಎರಡು ಮಕ್ಕಳು ಒಂದೇ ಬೆಂಚನ್ನು ಕಾಣದೆ ಬೆಳೆಯುವ ದಿನ ಬಂದರೆ, ಶಾಲೆಯ ಹೆಸರಿನ ಮೊದಲ ಶಬ್ದವೂ ಎರಡನೆಯದರ ಹಾದಿಯನ್ನೇ ಹಿಡಿದೀತು. ಎರಡನೆಯ ಶಬ್ದವನ್ನು ಉಳಿಸಿಕೊಳ್ಳುವುದು ಸರಕಾರದ ಕೈಯಲ್ಲಿತ್ತು. ಮೊದಲನೆಯದನ್ನು ಉಳಿಸಿಕೊಳ್ಳುವುದು ನಮ್ಮ ನಿಮ್ಮೆಲ್ಲರ ಕೈಯಲ್ಲಿದೆ. ನೂರು ವರ್ಷ ಎಲ್ಲರನ್ನೂ ಒಂದೇ ಪೀಠದ ಮುಂದೆ ಮೊಣಕಾಲೂರಿಸಿದ ಈ ಇಗರ್ಜಿಯ ಮಕ್ಕಳಾದ ನಾವು, ಎಲ್ಲರನ್ನೂ ಒಂದೇ ಬೆಂಚಿನಲ್ಲಿ ಕೂರಿಸಬಯಸಿದ ಆ ಮಹನೀಯರಿಗೆ ಸಲ್ಲಿಸಬಹುದಾದ ಕೃತಜ್ಞತೆ ಇದೊಂದೇ.