ಗುರುದತ್‌ಗೆ ಬಾರದ ನಿದ್ದೆ

ಹಿಂದಿ ಚಿತ್ರರಂಗದ ಗುರುದತ್ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ನನ್ನ ವಯಸ್ಸಿನ ಎಷ್ಟೋ ಜನರಿಗೆ ಗೊತ್ತಿಲ್ಲ. 1925ರ ಜುಲೈ 9ರಂದು ಹುಟ್ಟಿದ ಮಗುವಿಗೆ ಮನೆಯವರು ಇಟ್ಟ ಹೆಸರು ವಸಂತಕುಮಾರ್ ಶಿವಶಂಕರ ಪಡುಕೋಣೆ. ಬೆಳೆದದ್ದು ಕಲ್ಕತ್ತದಲ್ಲಿ. ಮನೆಯಲ್ಲಿ ಹಣದ ತಾಪತ್ರಯ. ಕಾಲೇಜು ಓದಲಾಗಲಿಲ್ಲ. ಅಲ್ಮೋರಾದಲ್ಲಿ ಉದಯಶಂಕರ್ ಅವರ ಕೇಂದ್ರದಲ್ಲಿ ನೃತ್ಯ ಕಲಿತರು, ಟೆಲಿಫೋನ್ ಆಪರೇಟರ್ ಆದರು, ಪುಣೆಯ ಪ್ರಭಾತ್ ಫಿಲ್ಮ್ ಕಂಪನಿ ಸೇರಿದರು. 1951ರಲ್ಲಿ ‘ಬಾಜಿ’ ನಿರ್ದೇಶಿಸಿದರು. 1957ರ ‘ಪ್ಯಾಸಾ’ ಅವರಿಗೆ ದೊಡ್ಡ ಹೆಸರು ತಂದಿತು.

1959ರಲ್ಲಿ ಬಂದ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದು ನೆಲಕಚ್ಚಿತು. ಆಮೇಲೆ ಯಾವ ಚಿತ್ರಕ್ಕೂ ನಿರ್ದೇಶಕ ಎಂದು ಅವರು ತಮ್ಮ ಹೆಸರು ಹಾಕಲಿಲ್ಲ. ಮರುವರ್ಷ ‘ಚೌದವೀ ಕಾ ಚಾಂದ್’ ಚೆನ್ನಾಗಿ ಓಡಿತು, ಹಣ ಬಂತು. ಆದರೆ ಗಾಯಕಿ ಗೀತಾ ದತ್ ಜತೆಗಿನ ಸಂಸಾರದಲ್ಲಿ ಬಿರುಕು ಬಿಟ್ಟಿತ್ತು. ರಾತ್ರಿ ನಿದ್ದೆ ಸುಳಿಯುತ್ತಿರಲಿಲ್ಲ. ಅದಕ್ಕೆ ಮದ್ಯ, ನಿದ್ದೆ ಮಾತ್ರೆ. ಎರಡು ಸಲ ಜೀವ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದರು. 1962ರಲ್ಲಿ ಅವರು ನಿರ್ಮಿಸಿದ ‘ಸಾಹಿಬ್ ಬೀಬಿ ಔರ್ ಗುಲಾಮ್’ನಲ್ಲಿ, ಗಂಡನನ್ನು ಮನೆಯಲ್ಲಿ ಉಳಿಸಿಕೊಳ್ಳಲು ಕುಡಿಯತೊಡಗಿದ ಸೊಸೆ ಅದನ್ನು ಬಿಡಲಾಗದೆ ಹಾಳಾಗುತ್ತಾಳೆ.

1964ರ ಅಕ್ಟೋಬರ್ 10ರಂದು ಮುಂಬೈನ ಮನೆಯಲ್ಲಿ ಗುರುದತ್ ಶವವಾಗಿ ಸಿಕ್ಕರು. ವಯಸ್ಸು 39. ಮದ್ಯ ಮತ್ತು ಮಾತ್ರೆ ಎರಡೂ ದೇಹ ಸೇರಿದ್ದವು. ಆಕಸ್ಮಿಕವೋ, ಆತ್ಮಹತ್ಯೆಯೋ ಎಂಬ ಚರ್ಚೆ ಇಂದಿಗೂ ಇದೆ. ಕುಡಿತಕ್ಕೆ ಬಿದ್ದ ಗೀತಾ 1972ರಲ್ಲಿ ಯಕೃತ್ತಿನ ಕಾಯಿಲೆಯಿಂದ ತೀರಿಕೊಂಡರು. ಮೂವರು ಮಕ್ಕಳು ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡರು.

ಮನಸ್ಸು ಕುಗ್ಗಿದವನಿಗೆ ಮದ್ಯ ಬೇಗ ನಿದ್ದೆ ಬರಿಸುತ್ತದೆ. ಆದರೆ ನಡುರಾತ್ರಿ ಎಚ್ಚರ ಮಾಡುತ್ತದೆ, ಮರುದಿನ ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ. ಆಗ ಇನ್ನೊಂದು ಪೆಗ್ ಬೇಕಾಗುತ್ತದೆ. ನಮ್ಮ ಬಿ.ಇ. ಪಾಠದಲ್ಲಿ ಇದಕ್ಕೆ ಪಾಸಿಟಿವ್ ಫೀಡ್‌ಬ್ಯಾಕ್ ಎನ್ನುತ್ತಾರೆ. ಹೊರಬಂದದ್ದೇ ಮತ್ತೆ ಒಳಹೋಗಿ ಏರುತ್ತಲೇ ಹೋಗುತ್ತದೆ, ಎಲ್ಲಾದರೂ ಒಂದು ಕಡೆ ತುಂಡರಿಸದಿದ್ದರೆ ನಿಲ್ಲುವುದಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಿಂದ ಕಲಬುರಗಿಗೆ ಓದಲು ಬರುವ ನಮ್ಮಂಥವರ ನಡುವೆಯೂ ಈ ಸುತ್ತು ನಡೆದಿದೆ. ಕಲ್ಲಿನ ಗಣಿಯಲ್ಲೋ, ಸಿಮೆಂಟ್ ಕಾರ್ಖಾನೆಯಲ್ಲೋ ದುಡಿದು ಫೀಸು ಕಟ್ಟುವ ಅಪ್ಪನಿಗೆ ನಾಲ್ಕು ವಿಷಯ ಬ್ಯಾಕ್ ಉಳಿದಿವೆ ಎಂದು ಹೇಳುವುದು ಹೇಗೆ? ನನ್ನ ಗೆಳೆಯನೊಬ್ಬ ಹೇಳಲಾಗದೆ ಕುಡಿಯತೊಡಗಿದ. ಎಲ್ಲರೂ ಅವನನ್ನು ಕುಡುಕ ಎಂದರು. ಅವನು ಮಲಗಿ ಎಷ್ಟು ದಿನವಾಯಿತು ಎಂದು ಯಾರೂ ಕೇಳಲಿಲ್ಲ.

ಗುರುದತ್ ತೀರಿಕೊಂಡ ಅಕ್ಟೋಬರ್ 10 ಇಂದು ವಿಶ್ವ ಮಾನಸಿಕ ಆರೋಗ್ಯ ದಿನ. 2022ರಲ್ಲಿ ಅದೇ ದಿನ ಕೇಂದ್ರ ಸರ್ಕಾರ ಟೆಲಿ ಮಾನಸ್ ಸಹಾಯವಾಣಿ ಆರಂಭಿಸಿತು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಗೆಳೆಯ ಕರೆ ಮಾಡಿದ, ನಾನು ಪಕ್ಕದಲ್ಲಿ ಕೂತಿದ್ದೆ. ಈಗ ಮನೋವೈದ್ಯರ ಬಳಿ ಹೋಗುತ್ತಿದ್ದಾನೆ. ಕುಡಿತ ಇನ್ನೂ ಪೂರ್ತಿ ಬಿಟ್ಟಿಲ್ಲ. ಆದರೆ ಅಪ್ಪನಿಗೆ ವಿಷಯ ಹೇಳಿದ್ದಾನೆ.