ಮೀನಿಗೆ ಗಾಜಿನ ಮನೆ ಕಟ್ಟಿದ ಫಿಲಿಪ್ ಹೆನ್ರಿ ಗಾಸ್

ದೊಡ್ಡ ಊರುಗಳ ಹೋಟೆಲುಗಳಲ್ಲಿ, ಕೆಲವರ ಮನೆಯ ಪಡಸಾಲೆಗಳಲ್ಲಿ, ಗಾಜಿನ ತೊಟ್ಟಿಯೊಳಗೆ ಬಣ್ಣಬಣ್ಣದ ಮೀನುಗಳು ಈಜಾಡುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಇದನ್ನು ಅಕ್ವೇರಿಯಂ ಎನ್ನುತ್ತಾರೆ. ಭೈರವಾನಿತಿಪ್ಪದ ಜಲಾಶಯಕ್ಕೆ ಹಗರಿಯ ನೀರು ಬಂದ ವರ್ಷ ಮಕ್ಕಳು ಸಣ್ಣ ಮೀನನ್ನು ಹಿಡಿದು ಬಾಟಲಿಯಲ್ಲಿ ಹಾಕಿಟ್ಟು ಸಂತೋಷಪಡುವುದೂ ಉಂಟು. ಆದರೆ ಬಾಟಲಿಯ ಮೀನು ಬಹು ಬೇಗ ಸಾಯುತ್ತದೆ. ಚೆನ್ನಾಗಿ ನೋಡಿಕೊಂಡ ತೊಟ್ಟಿಯ ಮೀನು ವರ್ಷಗಟ್ಟಲೆ ಬದುಕುತ್ತದೆ. ಇದಕ್ಕೆ ಕಾರಣವೇನು? ಈ ಪ್ರಶ್ನೆಯ ಬೆನ್ನು ಹತ್ತಿ ಕಡಲಿನ ಜೀವಿಗಳನ್ನು ಮನೆಯೊಳಗೆ ಸಾಕುವ ಬಗೆಯನ್ನು ಜನಸಾಮಾನ್ಯರಿಗೆ ಕಲಿಸಿದವನು ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್. ಅಕ್ವೇರಿಯಂ ಎಂಬ ಹೆಸರನ್ನು ಮೀನಿನ ತೊಟ್ಟಿಗೆ ರೂಢಿಗೆ ತಂದವನೂ ಅವನೇ.

ಗಾಸ್ 1810ನೆಯ ಇಸವಿ ಏಪ್ರಿಲ್ 6ರಂದು ವುಸ್ಟರ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಥಾಮಸ್ ಗಾಸ್ ಊರೂರು ಅಲೆದು ಜನರ ಕಿರುಚಿತ್ರಗಳನ್ನು ಬರೆದು ಹೊಟ್ಟೆ ಹೊರೆಯುತ್ತಿದ್ದ ಚಿತ್ರಕಾರ. ಮನೆಯಲ್ಲಿ ಬಡತನವಿತ್ತು. ಹುಡುಗ ಬೆಳೆದದ್ದು ಪೂಲ್ ಎಂಬ ಬಂದರಿನಲ್ಲಿ. ಸೋದರತ್ತೆ ಸೂಸನ್ ಬೆಲ್ ಅವನಿಗೆ ಕಡಲಂಚಿನ ಜೀವಿಗಳನ್ನು ತೋರಿಸಿ, ಅವುಗಳ ಚಿತ್ರ ಬರೆಯಲು ಪ್ರೋತ್ಸಾಹ ಕೊಟ್ಟಳು. ಕಡಲಹೂವೆಂದು ಕರೆಯುವ ಮೆದುಮೈಯ ಜೀವಿಗಳನ್ನು ಪಾತ್ರೆಯ ಸಮುದ್ರದ ನೀರಿನಲ್ಲಿಟ್ಟು ನೋಡಬಹುದೆಂದು ಹೇಳಿದವಳೂ ಆಕೆಯೇ. ಹಿರಿಯರು ಆಡಿದ ಒಂದು ಮಾತು ಮಗುವಿನ ಮನಸ್ಸಿನಲ್ಲಿ ಎಷ್ಟು ವರ್ಷ ಉಳಿದು ಮೊಳಕೆಯೊಡೆಯುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಹದಿನೈದರ ಸುಮಾರಿಗೆ ಅವನ ಶಾಲೆ ಮುಗಿಯಿತು. ವ್ಯಾಪಾರದ ಕಚೇರಿಯೊಂದರಲ್ಲಿ ಗುಮಾಸ್ತನಾದನು. 1827ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಹಡಗು ಹತ್ತಿ ಅಟ್ಲಾಂಟಿಕ್ ಸಾಗರವನ್ನು ದಾಟಿ ನ್ಯೂಫೌಂಡ್‌ಲ್ಯಾಂಡ್ ದ್ವೀಪಕ್ಕೆ ಹೋದನು. ಅಲ್ಲಿಯೂ ಲೆಕ್ಕ ಬರೆಯುವ ಕೆಲಸವೇ. 1832ರಲ್ಲಿ ಸೂಕ್ಷ್ಮದರ್ಶಕವನ್ನು ಕುರಿತ ಹಳೆಯ ಪುಸ್ತಕವೊಂದನ್ನು ಕೊಂಡು ಓದಿದ ಮೇಲೆ ಕೀಟಗಳ ಅಭ್ಯಾಸದಲ್ಲಿ ಮುಳುಗಿದನು. 1835ರಲ್ಲಿ ಕೆನಡಾದಲ್ಲಿ ಬೇಸಾಯಕ್ಕೆ ಇಳಿದನು; ಮೂರು ವರ್ಷ ದುಡಿದರೂ ಕೈಗೆ ಏನೂ ಹತ್ತಲಿಲ್ಲ. 1838ರಲ್ಲಿ ಅಮೆರಿಕದ ಅಲಬಾಮಾ ಪ್ರಾಂತದಲ್ಲಿ ಹಳ್ಳಿಯ ಮಕ್ಕಳಿಗೆ ಪಾಠ ಹೇಳಿದನು. ಅಲ್ಲಿ ಕಣ್ಣಾರೆ ಕಂಡ ಗುಲಾಮಗಿರಿಯ ಕ್ರೌರ್ಯ ಅವನ ಮನಸ್ಸನ್ನು ಬಹಳ ನೋಯಿಸಿತು. ಮರುವರ್ಷ ಸ್ವದೇಶಕ್ಕೆ ಮರಳಿದಾಗ ಅವನ ಬಳಿ ಇದ್ದ ಆಸ್ತಿ ಎಂದರೆ ತಾನು ನೋಡಿ ಬರೆದಿಟ್ಟ ಟಿಪ್ಪಣಿಗಳು, ಚಿತ್ರಗಳು. ಅವುಗಳ ಬಲದಿಂದಲೇ 1840ರಲ್ಲಿ ಅವನ ಮೊದಲ ಪುಸ್ತಕ ಹೊರಬಂದಿತು. ಮುಂದೆ 1844ರಲ್ಲಿ ಜಮೈಕಾ ದ್ವೀಪಕ್ಕೆ ಹೋಗಿ, ಒಂದೂವರೆ ವರ್ಷ ಅಲ್ಲಿಯ ಹಕ್ಕಿಗಳನ್ನು ಅಭ್ಯಸಿಸಿ, 1847ರಲ್ಲಿ ಅವುಗಳ ಮೇಲೆ ಪುಸ್ತಕ ಬರೆದನು. ಆ ಕೆಲಸದಲ್ಲಿ ನೆರವಾದ ಸ್ಯಾಮ್ಯುಯೆಲ್ ಕ್ಯಾಂಬೆಲ್ ಎಂಬ ಕಪ್ಪು ಜನಾಂಗದ ತರುಣನ ಹೆಸರನ್ನು ಮರೆಯದೆ ಸ್ಮರಿಸಿದ್ದು ಅವನ ದೊಡ್ಡ ಗುಣ.

1848ರಲ್ಲಿ ಗಾಸ್ ಎಮಿಲಿ ಬೌಸ್ ಎಂಬಾಕೆಯನ್ನು ಮದುವೆಯಾದನು. ಮರುವರ್ಷ ಮಗ ಎಡ್ಮಂಡ್ ಹುಟ್ಟಿದನು. ಬಿಡುವಿಲ್ಲದ ಬರವಣಿಗೆಯಿಂದ ಆರೋಗ್ಯ ಕೆಡಲು, 1852ರಲ್ಲಿ ಸಂಸಾರಸಮೇತನಾಗಿ ಡೆವನ್ ಕರಾವಳಿಗೆ ಹೋದನು. ಅಲೆ ಹಿಂದೆ ಸರಿದಾಗ ಬಂಡೆಗಳ ನಡುವೆ ನಿಲ್ಲುವ ನೀರಿನ ಗುಂಡಿಗಳೇ ಅವನ ಪಾಠಶಾಲೆಯಾದವು.

ಗಾಜಿನ ತೊಟ್ಟಿಯಲ್ಲಿ ಕಡಲ ಜೀವಿಗಳನ್ನು ಇಟ್ಟವರಲ್ಲಿ ಗಾಸನೇ ಮೊದಲಿಗನಲ್ಲ. ಚಮ್ಮಾರನ ಮಗಳಾಗಿ ಹುಟ್ಟಿ, ಬಟ್ಟೆ ಹೊಲಿದು ಬದುಕಿದ ಫ್ರಾನ್ಸಿನ ಜಾನ್ ವಿಲ್‌ಪ್ರೋ ಪವರ್ ಎಂಬ ಮಹಿಳೆ 1832ರಷ್ಟು ಹಿಂದೆಯೇ ಸಿಸಿಲಿ ದ್ವೀಪದಲ್ಲಿ ಗಾಜಿನ ತೊಟ್ಟಿಗಳನ್ನು ಮಾಡಿಸಿ ಪ್ರಯೋಗ ನಡೆಸಿದ್ದಳು. ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಒಂದು ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ನೀರುಗಿಡವನ್ನೂ ಇಟ್ಟನು. ಗಿಡದ ಎಲೆ ಕೊಳೆತು ನೀರು ಕೆಡತೊಡಗಿತು. ಆಗ ಬಸವನಹುಳುಗಳನ್ನು ಬಿಟ್ಟನು. ಅವು ಕೊಳೆತದ್ದನ್ನು ತಿಂದು ತೊಟ್ಟಿಯನ್ನು ಶುದ್ಧವಾಗಿಟ್ಟವು. ಗಿಡವು ಬೆಳಕಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ. ಮೀನು ಅದನ್ನು ಉಸಿರಾಡುತ್ತದೆ. ಮೀನು ಬಿಟ್ಟ ಇಂಗಾಲದ ಡೈ ಆಕ್ಸೈಡನ್ನು ಗಿಡ ಬಳಸುತ್ತದೆ. ಗಾಸ್ ಇದೇ ತತ್ವವನ್ನು ಉಪ್ಪುನೀರಿನಲ್ಲಿ ಪರೀಕ್ಷಿಸಿ, ಕಡಲಪಾಚಿಯೊಂದಿಗೆ ಕಡಲ ಪ್ರಾಣಿಗಳನ್ನು ಬದುಕಿಸಿದನು.

1853ರ ಮೇ ತಿಂಗಳಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಜಗತ್ತಿನ ಮೊಟ್ಟಮೊದಲ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಅದಕ್ಕೆ ಬೇಕಾದ ಜೀವಿಗಳಲ್ಲಿ ಅನೇಕವನ್ನು ಒದಗಿಸಿದವನು ಗಾಸ್. 1854ರಲ್ಲಿ ಅಕ್ವೇರಿಯಂ ಎಂಬ ಹೆಸರಿನ ಅವನ ಪುಸ್ತಕ ಅವನೇ ಬರೆದ ವರ್ಣಚಿತ್ರಗಳೊಂದಿಗೆ ಪ್ರಕಟವಾಯಿತು. ಕಡಲಿನಿಂದ ದೂರವಿದ್ದವರಿಗಾಗಿ ಅಡಿಗೆ ಉಪ್ಪು, ಎಪ್ಸಂ ಉಪ್ಪು, ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂಗಳ ಲವಣಗಳನ್ನು ಬೆರೆಸಿ ಸಮುದ್ರದ ನೀರನ್ನು ಮನೆಯಲ್ಲೇ ತಯಾರಿಸುವ ಕ್ರಮವನ್ನೂ ಅವನು ಕೊಟ್ಟನು. 1845ರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜು ಅಗ್ಗವಾಗಿತ್ತು. ಎಲ್ಲವೂ ಕೂಡಿಬಂದು ಮನೆಮನೆಯಲ್ಲೂ ತೊಟ್ಟಿ ಇಡುವ ಹುಚ್ಚು ಹರಡಿತು. 1856ರಲ್ಲಿ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿ ಗೌರವಿಸಿತು. ಕಾಲೇಜಿನ ಮೆಟ್ಟಿಲು ಹತ್ತದ ಗುಮಾಸ್ತನಿಗೆ ಇದು ಸಣ್ಣ ಗೌರವವಲ್ಲ.

ತೊಟ್ಟಿ ಸಾಕುವವರಿಗೆ ಬೇಗನೆ ತಿಳಿದುಬಂದ ಒಂದು ಪಾಠವಿದೆ. ನೀರು ಸರಿಯಾಗಿದ್ದರೆ ಮಾತ್ರ ಸಾಲದು. ಅದರೊಳಗೆ ಯಾರ ಜೊತೆ ಯಾರನ್ನು ಇಡಬೇಕು ಎಂಬುದೂ ತಿಳಿದಿರಬೇಕು. ದೊಡ್ಡದು ಸಣ್ಣದನ್ನು ನುಂಗುತ್ತದೆ, ಏಡಿ ಮೆದುಮೈಯವನ್ನು ಹರಿದು ತಿನ್ನುತ್ತದೆ. ಡೆವನ್ ಕರಾವಳಿಯ ಬಂಡೆಗಳ ನಡುವೆಯೂ ವಾಸಿಸುವ ರಾಸ್ ಎಂಬ ಮೀನಿನ ವಂಶವನ್ನು ನೋಡಿದರೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಈ ವಂಶದಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿಯೂ ಭಟ್ಕಳದ ಬಳಿಯ ನೇತ್ರಾಣಿ ದ್ವೀಪದ ಸುತ್ತಲೂ ಇವು ಇವೆ. ಬಣ್ಣದ ಬೆಡಗಿಗಾಗಿ ಇವನ್ನು ಮನೆಯ ಉಪ್ಪುನೀರಿನ ತೊಟ್ಟಿಗಳಲ್ಲಿ ಸಾಕುತ್ತಾರೆ.

ಆದರೆ ಒಂದೇ ಜಾತಿಯ ಎರಡು ಗಂಡು ರಾಸ್‌ಗಳನ್ನು ಚಿಕ್ಕ ತೊಟ್ಟಿಯಲ್ಲಿ ಬಿಟ್ಟರೆ ಒಂದು ಇನ್ನೊಂದನ್ನು ಕಚ್ಚಿ ಓಡಾಡಿಸಿ ಕೊಂದೇಬಿಡಬಹುದು. ಬಣ್ಣ ಆಕಾರಗಳಲ್ಲಿ ಹೋಲಿಕೆ ಇದ್ದಷ್ಟೂ ಜಗಳ ಹೆಚ್ಚು. ಆದ್ದರಿಂದ ಬಲ್ಲವರು ಒಂದನ್ನೊಂದು ಹೋಲದ, ಸಾಧು ಸ್ವಭಾವದ ಜಾತಿಗಳನ್ನು ಆರಿಸುತ್ತಾರೆ. ಅಂಜುವ ಸಣ್ಣ ಮೀನುಗಳನ್ನು ಮೊದಲು ಬಿಟ್ಟು, ಜೋರಿನವನ್ನು ಕೊನೆಗೆ ಬಿಡುತ್ತಾರೆ. ಹೊಸದಾಗಿ ಬಂದುದನ್ನು ಕೆಲವು ದಿನ ತೊಟ್ಟಿಯೊಳಗೇ ಪಾರದರ್ಶಕ ತಡಿಕೆಯ ಹಿಂದೆ ಇಟ್ಟು ಪರಿಚಯ ಮಾಡಿಸುತ್ತಾರೆ. ಕೆಲವು ರಾಸ್‌ಗಳು ರಾತ್ರಿ ಮರಳಿನೊಳಗೆ ಹೂತುಕೊಂಡು ಮಲಗುತ್ತವೆ. ಅವಕ್ಕೆ ನುಣ್ಣನೆಯ ಮರಳು ಬೇಕು. ಇನ್ನು ಕೆಲವು ಕಲ್ಲಿನ ಸಂದಿಯಲ್ಲಿ ಲೋಳೆಯ ಗೂಡು ಹೆಣೆದು ಮಲಗುತ್ತವೆ. ಅವಕ್ಕೆ ಮರೆ ಬೇಕು. ಹೆದರಿದರೆ ನೀರಿನಿಂದ ಹೊರಕ್ಕೆ ನೆಗೆಯುವುದರಿಂದ ತೊಟ್ಟಿಯ ಮೇಲೆ ಬಲೆಯ ಮುಚ್ಚಳ ಇರಲೇಬೇಕು.

ಇವುಗಳಲ್ಲಿ ಚೊಕ್ಕಟ ಮಾಡುವ ರಾಸ್ ಎಂಬುದೊಂದು ಜಾತಿ. ಬೇರೆ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿನ್ನುವುದೇ ಇದರ ಕಸುಬು. ಒಂದು ಗಂಡಿನೊಡನೆ ಹಲವು ಹೆಣ್ಣುಗಳಿರುತ್ತವೆ. ಗಂಡು ಸತ್ತರೆ ಎಲ್ಲಕ್ಕಿಂತ ದೊಡ್ಡ ಹೆಣ್ಣು ಕೆಲವೇ ಗಂಟೆಗಳಲ್ಲಿ ಗಂಡಿನಂತೆ ನಡೆಯತೊಡಗಿ, ಎರಡು ಮೂರು ವಾರಗಳಲ್ಲಿ ಗಂಡೇ ಆಗುತ್ತದೆಂದು 1972ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನ ತಿಳಿಸಿತು. ಇಂಥ ಮೀನನ್ನು ಚಿಕ್ಕ ತೊಟ್ಟಿಗೆ ತಂದರೆ ಹೆಕ್ಕಿ ತಿನ್ನಲು ಸಾಕಷ್ಟು ಸಿಗದೆ ಬಹುಪಾಲು ಹಸಿವಿನಿಂದಲೇ ಸಾಯುತ್ತದೆ. ನೋಡಲು ಚೆಂದವಿದ್ದದ್ದೆಲ್ಲ ಸಾಕಲು ತಕ್ಕದ್ದಲ್ಲ.

ಗಾಸನಿಗೆ ತಿಳಿಯದೆ ಹೋದ ಸಂಗತಿಯೂ ಒಂದಿದೆ. ಮೀನಿನ ಮಲಮೂತ್ರದಿಂದ ನೀರಿನಲ್ಲಿ ಅಮೋನಿಯ ಎಂಬ ವಿಷ ಸೇರುತ್ತದೆ. ಮರಳು ಕಲ್ಲುಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಗಳು ಅದನ್ನು ಹಂತಹಂತವಾಗಿ ಕಡಿಮೆ ಹಾನಿಯ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ಬಾಟಲಿಯಲ್ಲಿ ಈ ಬ್ಯಾಕ್ಟೀರಿಯಗಳು ಇರುವುದಿಲ್ಲ, ಗಾಳಿಯೂ ಸಾಲದು. ಮಕ್ಕಳು ಹಿಡಿದಿಟ್ಟ ಮೀನು ಸಾಯುವುದು ಇದರಿಂದಲೇ.

1857 ಗಾಸನ ಪಾಲಿಗೆ ಕಷ್ಟದ ವರ್ಷ. ಫೆಬ್ರವರಿಯಲ್ಲಿ ಪತ್ನಿ ಎಮಿಲಿ ಕ್ಯಾನ್ಸರ್ ರೋಗದಿಂದ ತೀರಿಕೊಂಡಳು. ಅದೇ ವರ್ಷ ಭೂಮಿಯ ವಯಸ್ಸನ್ನು ಧರ್ಮಗ್ರಂಥದೊಡನೆ ಹೊಂದಿಸಲು ಅವನು ಬರೆದ ಪುಸ್ತಕವನ್ನು ವಿಜ್ಞಾನಿಗಳೂ ಒಪ್ಪಲಿಲ್ಲ, ಧಾರ್ಮಿಕರೂ ಒಪ್ಪಲಿಲ್ಲ. ಮಗನನ್ನು ಕರೆದುಕೊಂಡು ಡೆವನ್ನಿನಲ್ಲೇ ನೆಲೆಸಿದನು. 1860ರಲ್ಲಿ ಕಡಲಹೂವುಗಳನ್ನು ಕುರಿತ ಅವನ ದೊಡ್ಡ ಗ್ರಂಥ ಪೂರ್ಣವಾಯಿತು. ಅದೇ ವರ್ಷ ಎಲೈಜಾ ಬ್ರೈಟ್‌ವೆನ್ ಎಂಬಾಕೆಯನ್ನು ಮರುಮದುವೆಯಾದನು.

ಇಷ್ಟರಲ್ಲಿ ಬೇರೊಂದು ದುಃಖ ಅವನನ್ನು ಕಾದಿತ್ತು. ಅವನ ಪುಸ್ತಕಗಳನ್ನು ಓದಿ ಉತ್ಸಾಹಗೊಂಡ ಜನರು ಬುಟ್ಟಿ, ಉಳಿ, ಸುತ್ತಿಗೆ ಹಿಡಿದು ಕರಾವಳಿಗೆ ನುಗ್ಗಿದ್ದರು. ಅವನು ಹೂದೋಟದಂತೆ ಕಂಡಿದ್ದ ಬಂಡೆಗಳ ಗುಂಡಿಗಳು ಬರಿದಾದವು. ಕಿತ್ತು ತಂದ ಜೀವಿಗಳಲ್ಲಿ ಬಹಳಷ್ಟು ಮನೆಯ ತೊಟ್ಟಿಗಳಲ್ಲಿ ಸತ್ತವು. ತಾನು ಪ್ರೀತಿಯಿಂದ ತೋರಿಸಿದ್ದೇ ನಾಶಕ್ಕೆ ದಾರಿಯಾಯಿತಲ್ಲ ಎಂದು ಅವನು ಬಹಳ ನೊಂದನೆಂಬುದನ್ನು ಮಗ ಎಡ್ಮಂಡ್ 1907ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ತಿಳಿಸಿದ್ದಾನೆ. ಗಾಸ್ 1888ರ ಆಗಸ್ಟ್ 23ರಂದು, ತನ್ನ 78ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಇಂದಿಗೂ ಅಂಗಡಿಗಳಲ್ಲಿ ಮಾರುವ ರಾಸ್ ಮೀನುಗಳಲ್ಲಿ ಹೆಚ್ಚಿನವು ಕಡಲಿನಿಂದ ಹಿಡಿದು ತಂದವೇ. ಆದ್ದರಿಂದ ಗಾಸನ ಬಾಳಿನ ಎರಡೂ ಭಾಗಗಳನ್ನು ನಾವು ನೆನಪಿನಲ್ಲಿಡಬೇಕು. ಬಡತನದಲ್ಲಿ ಬೆಳೆದ ಹುಡುಗನೊಬ್ಬ ಕಣ್ಣು ತೆರೆದು ನೋಡಿದ್ದರಿಂದ, ನೋಡಿದ್ದನ್ನು ತಪ್ಪದೆ ಬರೆದಿಟ್ಟಿದ್ದರಿಂದ ವಿದ್ವಾಂಸನಾದನು. ಇದು ವಿದ್ಯಾರ್ಥಿಗಳು ಅನುಸರಿಸತಕ್ಕ ಮಾರ್ಗ. ಅವನನ್ನು ಓದಿದವರು ನೋಡುವುದನ್ನು ಬಿಟ್ಟು ಕೀಳುವುದನ್ನು ಕಲಿತರು. ಇದು ಬಿಡತಕ್ಕ ಮಾರ್ಗ. ತಂದೆ ತಾಯಿಗಳು ಮಕ್ಕಳಿಗೆ ಮೀನಿನ ತೊಟ್ಟಿಯನ್ನು ಕೊಡಿಸುವ ಮುಂಚೆ ಅದರಲ್ಲಿ ಇಡುವ ಮೀನಿನ ಆಹಾರ, ನಿದ್ರೆ, ಸ್ವಭಾವ, ಜೊತೆಗಾರರು ಯಾರೆಂಬುದನ್ನು ಕೇಳಿ ತಿಳಿಯಲಿ. ಅಷ್ಟು ಅನುಕೂಲವಿಲ್ಲದವರು ಕೆರೆಯ ದಡದಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಲಿ. ನೋಡಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಸಹಿತ ಬರೆದಿಡಲಿ. ಗಾಸನ ವಿದ್ಯೆಯೂ ಹಾಗೆಯೇ ಆರಂಭವಾಗಿತ್ತು.