ರಾಮನ್ ಕೇಳಿಸಿಕೊಂಡಿದ್ದು, ಕೇಳಿಸಿಕೊಳ್ಳದ್ದು

ಫೆಬ್ರವರಿ 28 ಬಂದರೆ ಸಿ.ವಿ. ರಾಮನ್ ಫೋಟೊಗೆ ಹಾರ ಬೀಳುತ್ತೆ. ಬೆಳಕಿನ ಚದುರುವಿಕೆ, 1930ರ ನೊಬೆಲ್, ಅಲ್ಲಿಗೆ ಭಾಷಣ ಮುಗೀತು. ತಬಲಾ, ಮೃದಂಗದ ಮುಂದೆ ಕೂತ ರಾಮನ್ ಬಗ್ಗೆ ಯಾರೂ ಮಾತಾಡಲ್ಲ.

1888ರಲ್ಲಿ ತಿರುಚಿನಾಪಳ್ಳಿಯಲ್ಲಿ ಹುಟ್ಟಿದ ಅವರು 1907ರಲ್ಲಿ ಎಂ.ಎ. ಮುಗಿಸಿ, ಹಣಕಾಸು ಇಲಾಖೆ ಅಧಿಕಾರಿಯಾಗಿ ಕಲ್ಕತ್ತಾಗೆ ಹೋದರು. ಹಗಲು ಸರ್ಕಾರದ ಲೆಕ್ಕಪತ್ರ. ಬೆಳಗ್ಗೆ, ಸಂಜೆ ಬೌಬಜಾರ್‌ನ ಪ್ರಯೋಗಾಲಯ. ಹತ್ತು ವರ್ಷ ಹೀಗೇ ನಡೀತು. 1917ರಲ್ಲಿ ಕಡಿಮೆ ಸಂಬಳಕ್ಕೆ ಒಪ್ಪಿ ಪ್ರೊಫೆಸರ್ ಆದರು.

ಅವರನ್ನು ಕಾಡಿದ ಪ್ರಶ್ನೆ ನಮಗೆಲ್ಲ ಗೊತ್ತಿರೋದೇ. ಕರ್ಜಗಿ ಕಡೆ ಭಜನೆ ಶುರುವಾಗೋ ಮೊದಲು ತಬಲಾದವರು ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಹಾರ್ಮೋನಿಯಂ ಸ್ವರಕ್ಕೆ ಕೂಡಿಸ್ತಾರೆ. ಸಾದಾ ಚರ್ಮದ ವಾದ್ಯಕ್ಕೆ ಹೀಗೆ ಸ್ವರ ಕೂಡಿಸೋದು ಕಷ್ಟ. ಬಿಗಿದ ದುಂಡು ಪೊರೆಯ ಕಂಪನಗಳ ಅನುಪಾತ 1, 1.59, 2.14, 2.30 ಅಂತ ಅಡ್ಡಾದಿಡ್ಡಿ ಹೋಗುತ್ತೆ. ಕಿವಿಗೆ ಅದು ಬರೀ ಸದ್ದು. ತಬಲಾ ಮಾತ್ರ ಹಾಡುತ್ತೆ. ಯಾಕೆ?

ಅಂಗೈಯಗಲದ ರಾಸ್ಪ್‌ಬೆರಿ ಪೈ ಬೋರ್ಡಿನಲ್ಲಿ ಇದನ್ನ ಅಳೆಯೋಕೆ ಹೊರಟರೆ ಪ್ರಶ್ನೆಯ ಆಳ ಗೊತ್ತಾಗುತ್ತೆ. ಮೈಕಿನ ಸಿಗ್ನಲ್ ಅನ್ನು ಪಲ್ಸ್ ಮಾಡಿ ಪಿನ್ನಿಗೆ ಕೊಟ್ಟು, ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಏರಿತು ಅಂತ ಎಣಿಸೋದು ಸುಲಭದ ದಾರಿ. ಆದರೆ ಲಿನಕ್ಸ್‌ಗೆ ನೂರೆಂಟು ಕೆಲಸ, ನಡುವೆ ಒಂದೆರಡು ಪಲ್ಸ್ ತಪ್ಪಿಸಿಕೊಳ್ಳಬಹುದು. ಎಣಿಕೆ ಸರಿಯಾದರೂ ಉತ್ತರ ಸರಿ ಅಲ್ಲ. ಒಂದೇ ಪೆಟ್ಟಿನಲ್ಲಿ ಹಲವು ಕಂಪನ ಬೆರೆತಿರುತ್ತವೆ, ಎಣಿಸುವ ಪ್ರೋಗ್ರಾಂ ಎಲ್ಲವನ್ನೂ ಕಲಸಿ ಒಂದೇ ಸಂಖ್ಯೆ ಕೊಡುತ್ತೆ. ಬಿಡಿಸಿ ನೋಡೋಕೆ ಫೂರಿಯರ್ ಲೆಕ್ಕವೇ ಬೇಕು; ಒಂದು ಹರ್ಟ್ಸ್‌ನಷ್ಟು ಸೂಕ್ಷ್ಮವಾಗಿ ಬೇಕಂದ್ರೆ ಒಂದು ಸೆಕೆಂಡಿನಷ್ಟಾದರೂ ನಾದ ಕೇಳಬೇಕು.

ರಾಮನ್ ಹತ್ತಿರ ಬೋರ್ಡ್ ಇರಲಿಲ್ಲ, ಮರಳಿತ್ತು. ಚರ್ಮದ ಮೇಲೆ ನಯವಾದ ಮರಳು ಉದುರಿಸಿ ನುಡಿಸಿದರೆ, ಅಲುಗದ ಗೆರೆಗಳಲ್ಲಿ ಅದು ನಿಲ್ಲುತ್ತೆ. 1920ರಲ್ಲಿ ಶಿವಕಾಳಿ ಕುಮಾರ್ ಜೊತೆ ನೇಚರ್ ಪತ್ರಿಕೆಯಲ್ಲಿ, ಆಮೇಲೆ ಬೆಂಗಳೂರಿನಿಂದ 1934ರಲ್ಲಿ ವಿವರವಾಗಿ ಬರೆದರು. ನಡುವಿನ ಕಪ್ಪು ಕರಣೆಯ ಭಾರ ಮೊದಲ ಒಂಬತ್ತು ಬಗೆಯ ಕಂಪನಗಳನ್ನು ಎಳೆದು ತಂದು 1, 2, 3, 4, 5ರ ಅನುಪಾತಕ್ಕೆ ಕೂರಿಸುತ್ತೆ.

ಆದರೆ ಈ ಜಾಣ್ಮೆ ಯಾರದು? 1922ರ ಲೇಖನವೊಂದರಲ್ಲಿ ರಾಮನ್ ಅದನ್ನು ಪ್ರಾಚೀನ ಹಿಂದೂಗಳ ಧ್ವನಿಜ್ಞಾನದ ಲೆಕ್ಕಕ್ಕೆ ಬರೆದರು. ನನಗೆ ಇದು ಒಪ್ಪಿಗೆಯಿಲ್ಲ. ಚರ್ಮ ಹದ ಮಾಡಿ, ಕಬ್ಬಿಣದ ಪುಡಿಗೆ ಅಂಟು ಬೆರೆಸಿ, ಪದರ ಪದರವಾಗಿ ಉಜ್ಜಿ, ಪ್ರತಿ ಪದರಕ್ಕೂ ಕಿವಿಗೊಟ್ಟ ಕೈಗಳು ಅವರ ಕಾಲದಲ್ಲೂ ಇದ್ದವು, ಈಗಲೂ ಇವೆ. ಚರ್ಮ ಮುಟ್ಟಿದವರನ್ನು ದೂರ ಇಟ್ಟ ಸಮಾಜ ಜ್ಞಾನವನ್ನು ಮಾತ್ರ ಪೂರ್ವಿಕರ ಹೆಸರಿಗೆ ಖಾತೆ ಮಾಡಿಕೊಂಡಿತು.

1933ರಲ್ಲಿ ರಾಮನ್ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಮೊದಲ ಭಾರತೀಯ ನಿರ್ದೇಶಕರಾದರು. ಅದೇ ವರ್ಷ ಕಮಲಾ ಭಾಗವತ್ ಅರ್ಜಿ ಹಾಕಿದರು. ಹೆಣ್ಣು ಅನ್ನೋ ಕಾರಣಕ್ಕೆ ರಾಮನ್ ಬೇಡ ಅಂದರು. ಅವರು ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತು ಹಾಕಿ ಸೇರಿಸಿಕೊಂಡರು. ಮುಂದೆ ಕೇಂಬ್ರಿಡ್ಜ್‌ನಲ್ಲಿ ಡಾಕ್ಟರೇಟ್ ಪಡೆದ ಕಮಲಾ ಸೊಹೊನಿ ಇವರೇ. ಒಂದು ಪೆಟ್ಟಿನೊಳಗೆ ಒಂಬತ್ತು ಕಂಪನ ಗುರುತಿಸಿದವರಿಗೆ ಎದುರಿಗಿದ್ದ ಯುವತಿಯ ಯೋಗ್ಯತೆ ಕಾಣಲಿಲ್ಲ.

ಸಂಸ್ಥೆಯೊಳಗಿನ ಜಗಳದಲ್ಲಿ 1937ರಲ್ಲಿ ನಿರ್ದೇಶಕ ಹುದ್ದೆಯೂ ಹೋಯಿತು. ಪ್ರೊಫೆಸರ್ ಆಗಿ 1948ರವರೆಗೆ ಅಲ್ಲೇ ಉಳಿದು, ನಂತರ ತಮ್ಮದೇ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ಸರ್ಕಾರದ ಹಣ ಬಂದರೆ ಸರ್ಕಾರದ ಹಿಡಿತವೂ ಬರುತ್ತೆ ಅಂತ ಅನುದಾನದಿಂದ ದೂರವೇ ಇದ್ದರು. ಈ ಹಟ ಮಾತ್ರ ನನಗೆ ಇವತ್ತಿಗೂ ಇಷ್ಟ. 1970ರ ನವೆಂಬರ್ 21ರಂದು ತೀರಿಕೊಂಡಾಗ ಅಂತ್ಯಕ್ರಿಯೆ ನಡೆದಿದ್ದೂ ಆ ಸಂಸ್ಥೆಯ ಅಂಗಳದಲ್ಲೇ.